ಮುಚ್ಚಿದ ದಿನದ ದಾಂಡಿಗ

ನಮ್ಮೂರಿನ ಮೈದಾನದ ಗೋಡೆಯ ಮೇಲೆ ದಾಂಡು ಹಿಡಿದ ಎಲ್ಲರ ಹೆಸರೂ ಇದೆ. ಚೆನ್ನಾಗಿ ಹೊಡೆದವರು ಮೇಲೆ, ಹೊಡೆಯಲಾರದವರು ಕೆಳಗೆ. ಎಲ್ಲಕ್ಕಿಂತ ಕೆಳಗಿನ ಸಾಲು ನನ್ನದು. ನನ್ನ ಕೆಳಗೆ ಪಾಚಿ, ಪಾಚಿಯ ಕೆಳಗೆ ನಾಯಿಗಳು ಕಾಲೆತ್ತುವ ಜಾಗ. ನನಗಿಂತ ಮೊದಲು ಆ ಸಾಲು ತಿರಕಪ್ಪಜ್ಜನದಾಗಿತ್ತು. ಅವನು ಸಾಯುವವರೆಗೂ ಆಡಿ ಒಂದೇ ಒಂದು ಸಲ ಚೆಂಡಿಗೆ ಹೊಡೆದಿದ್ದ. ಅದೂ ಸೀನು ಬಂದು ಮೈ ಅಲುಗಿದಾಗ ದಾಂಡು ತಾನಾಗಿ ತಿರುಗಿ ತಾಗಿದ್ದು ಅನ್ನುತ್ತಾರೆ. ನನಗೆ ಆ ಸೀನೂ ಬಂದಿಲ್ಲ. ಊರಿನ ಚರಿತ್ರೆಯಲ್ಲೇ ನನ್ನಷ್ಟು ಕೆಟ್ಟ ದಾಂಡಿಗ ಇನ್ನೊಬ್ಬನಿಲ್ಲ. ಗೋಡೆಯ ಮೇಲೆ ಹೆಸರು ಬರೆಯುವ ಮೌಲಾಸಾಬ ನನ್ನ ಹೆಸರಿನ ಮುಂದೆ ಸೊನ್ನೆ ಬರೆದು, ಕುಂಚ ತೊಳೆಯುತ್ತ, "ಏ ದುರ್ಗಪ್ಪಾ, ನಿನ್ನ ಸರಾಸರಿ ತಗಿಯೂದು ಭಾಳ ಹಗುರ ನೋಡಪಾ. ಎಷ್ಟರಿಂದ ಭಾಗಿಸಿದ್ರೂ ಅಷ್ಟ," ಎಂದಿದ್ದ. ಸುತ್ತ ನಿಂತವರು ನಕ್ಕರು. ನಾನು ಅವನ ಬಣ್ಣದ ಡಬ್ಬಿ ಒದ್ದೆ. ಆ ಬಿಳಿ ಕಲೆ ಇನ್ನೂ ಅಲ್ಲೇ ಇದೆ, ನನ್ನ ಹೆಸರಿಗಿಂತ ದೊಡ್ಡದಾಗಿ.

ಬರೀ ಆಟವಾಗಿದ್ದರೆ ದಾಂಡನ್ನು ಎಂದೋ ಒಲೆಗೆ ಹಾಕುತ್ತಿದ್ದೆ. ಆದರೆ ನಮ್ಮೂರಲ್ಲಿ ಬೀಗ ಹಾಕುವುದು ಯಾರಿಗಾದರೂ ಬರುತ್ತದೆ, ತೆಗೆಯುವುದು ದಾಂಡಿಗೆ ಮಾತ್ರ ಬರುತ್ತದೆ. ಬೀಗಕ್ಕೆ ಕೀಲಿ ಅನ್ನುತ್ತೇವೆ, ಆದರೆ ಕೀಲಿಕೈ ಎಂಬುದನ್ನು ನಾವು ಸಂತೆಗೆ ಬಂದ ಪರವೂರಿನವರ ಸೊಂಟದಲ್ಲಿ ಮಾತ್ರ ನೋಡಿದ್ದೇವೆ. ಬೆಳಿಗ್ಗೆ ಮೈದಾನದಲ್ಲಿ ಆ ದಿನದ ಪಾಳಿಯವನ ದಾಂಡು ಚೆಂಡಿಗೆ ತಾಗಿ ಟಕ್ ಅಂದಿತೆಂದರೆ ಊರಿನ ಬೀಗಗಳೆಲ್ಲ ಒಟ್ಟಿಗೇ ಬಾಯಿ ಬಿಡುತ್ತವೆ. ಅಂಗಡಿ, ಶಾಲೆ, ಪಂಚಾಯ್ತಿ ಕಚೇರಿ, ಅತ್ತೆಯ ಟ್ರಂಕು, ಎಲ್ಲ. ಆ ಹೊತ್ತಿಗೆ ಪೊಲೀಸಪ್ಪ ಲಾಕಪ್ಪಿನ ಬಾಗಿಲಿಗೆ ಬೆನ್ನು ಕೊಟ್ಟು ನಿಂತು ಚಹಾ ಕುಡಿಯುತ್ತಾನೆ. ಅಕ್ಕಸಾಲಿಗ ಪೆಟ್ಟಿಗೆಯ ಮೇಲೆ ಕೂತು ಹಲ್ಲುಜ್ಜುತ್ತಾನೆ. ಮನೆಗೊಂದು ದಿನ ಪಾಳಿ, ಪಾಳಿಗೆ ಮೂರು ಎಸೆತ. ಎಸೆಯುವವನು ಹಿಂದಿನ ದಿನ ದಾಂಡು ಹಿಡಿದವನು. ಹೊರಗಿನವರು ಇದನ್ನು ಬೇಸ್‌ಬಾಲ್ ಅನ್ನುತ್ತಾರಂತೆ. ದಾಂಡು ದುಂಡಗಿರುತ್ತದೆ, ಚೆಂಡು ನೆಲಕ್ಕೆ ಪುಟಿಯದೆ ನೇರ ಎದೆಯೆತ್ತರಕ್ಕೆ ಬರುತ್ತದೆ. ಮೂರೂ ತಪ್ಪಿದರೆ ಮರುದಿನ ಬೆಳಗಿನವರೆಗೆ ಬೀಗಗಳು ಬಿಗಿದುಕೊಂಡೇ ಇರುತ್ತವೆ. ಪಾಳಿ ಇಲ್ಲದವನು ಎಷ್ಟು ಜೋರಾಗಿ ಹೊಡೆದರೂ, ಚೆಂಡನ್ನು ದಾರಕ್ಕೆ ಕಟ್ಟಿ ತೂಗುಬಿಟ್ಟು ಹೊಡೆದರೂ ಒಂದು ಬೀಗವೂ ಅಲುಗುವುದಿಲ್ಲ. ಅದನ್ನೆಲ್ಲ ಹಿಂದಿನವರು ಮಾಡಿ ನೋಡಿದ್ದಾರೆ.

ಅಪ್ಪ ಸತ್ತಾಗ ನಮ್ಮ ಮನೆಯ ದಾಂಡು ನನ್ನ ಕೈಗೆ ಬಂತು. ಆಗ ಏಳನೆಯ ಇಯತ್ತೆಯಲ್ಲಿದ್ದೆ. ನನ್ನ ಪಾಳಿಯ ದಿನ ಶಾಲೆ ತೆರೆಯಲಿಲ್ಲ. ಮುಂದಿನ ಪಾಳಿಗೂ ತೆರೆಯಲಿಲ್ಲ. ಮಾಸ್ತರರು ಎಲ್ಲರೆದುರು ನನ್ನ ಕಿವಿ ಹಿಡಿದು, "ನಿನ್ನ ದೆಸಿಯಿಂದ ಸಾಲಿ ಮುಚ್ಚತೈತಿ. ನೀ ಬರದಿದ್ರ ಸಾಲಿಗೇನೂ ಲುಕ್ಸಾನಿಲ್ಲ," ಎಂದರು. ಪಾಟಿಚೀಲ ಅಲ್ಲೇ ಬಿಟ್ಟು ಬಂದೆ. ಅಂದಿನಿಂದ ಕಟ್ಟಿಗೆ ಡಿಪೋದಲ್ಲಿ ಕೊಡಲಿ ಹಿಡಿದಿದ್ದೇನೆ. ಜಾಲಿ, ಬೇವು, ಹುಣಸೆ, ಯಾವ ದಿಮ್ಮಿಯನ್ನಾದರೂ ತಂದು ನಿಲ್ಲಿಸಿ. ಗಂಟು ಬಿದ್ದ ಹುಣಸೆಯ ಬುಡ ಕಂಡರೆ ಬೇರೆಯವರು ಬೀಡಿ ಹಚ್ಚಲು ಹೋಗುತ್ತಾರೆ, ನಾನು ಸೀಳುತ್ತೇನೆ. ಚೆಂಡು ಮಾತ್ರ ಸಿಗುವುದಿಲ್ಲ.

ಊರು ಇದಕ್ಕೂ ಹೊಂದಿಕೊಂಡಿತು. ನನಗೆ ಉರಿಯುವುದು ಅದಕ್ಕೇ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ನನ್ನ ಪಾಳಿಗೆ ಮುಚ್ಚಿದ ದಿನ ಎಂದು ಹೆಸರಿಟ್ಟು ಅದನ್ನು ಉಪಯೋಗಕ್ಕೆ ತೆಗೆದುಕೊಂಡುಬಿಟ್ಟರು. ಮದುವೆಯ ಬಂಗಾರ ತರುವವರು ನನ್ನ ದಿನ ನೋಡಿ ತರುತ್ತಾರೆ. ಕುಡಿದು ಹೊಡೆದಾಡುವವರನ್ನು ಪೊಲೀಸಪ್ಪ ಹಿಂದಿನ ಸಂಜೆಯೇ ಒಳಗೆ ಹಾಕಿ ತಾನು ಹೆಂಡತಿಯ ತವರಿಗೆ ಹೋಗುತ್ತಾನೆ. ನಾನು ಬೀದಿಯಲ್ಲಿ ಹೋಗುತ್ತಿದ್ದರೆ ಕಟ್ಟೆಯ ಮೇಲಿನ ಹೆಂಗಸರು, "ನಾಳಿ ದುರ್ಗಪ್ಪನ ಪಾಳಿ ಐತಿ, ತಿಜೋರಿ ಚಿಂತಿ ಇಲ್ಲ ಬಿಡವಾ," ಎಂದು ನನಗೆ ಕೇಳುವ ಹಾಗೇ ಮಾತಾಡಿಕೊಳ್ಳುತ್ತಾರೆ. ಕಬ್ಬಿಣಕ್ಕಿಂತ ನನ್ನ ಕೈಲಾಗದತನದ ಮೇಲೆ ಅವರಿಗೆ ನಂಬಿಕೆ ಹೆಚ್ಚು.

ಅಕ್ಕ ನೀಲವ್ವ ಹಾಗೆ ಮಾತಾಡಿದವಳಲ್ಲ. ಅವಳು ಅಂದಾನೆಪ್ಪ ಸಾವ್ಕಾರನ ಗೋದಾಮಿನಲ್ಲಿ ಒಣಮೆಣಸಿನಕಾಯಿಯ ತೊಟ್ಟು ಮುರಿಯುತ್ತಾಳೆ. ಕಲ್ಲಿನ ಗೋಡೆ, ಮೇಲೆ ಕಾಂಕ್ರೀಟು. ಮಾಲಿಗೆ ತೇವ ಹಿಡಿಯುತ್ತದೆಂದು ಸಾವ್ಕಾರ ಒಂದು ಕಿಟಕಿಯನ್ನೂ ಇಡಿಸಿಲ್ಲ. ಅಕ್ಕನಿಗೆ ದಮ್ಮಿನ ರೋಗ. ಮೂಗಿಗೆ ಸೆರಗು ಸುತ್ತಿಕೊಂಡು ಕೂರುತ್ತಾಳೆ, ಆಗಾಗ ಹೊರಗೆ ಬಂದು ಬೇವಿನ ಗಿಡದ ಕೆಳಗೆ ಉಸಿರು ತುಂಬಿಕೊಂಡು ಮತ್ತೆ ಒಳಗೆ ಹೋಗುತ್ತಾಳೆ. ಸಂಜೆ ಮನೆಗೆ ಬಂದು ಚಿಂದಿ ಬಟ್ಟೆ ಸುತ್ತಿ ಚೆಂಡು ಮಾಡಿ ನನಗೆ ಎಸೆಯುತ್ತಿದ್ದಳು. ನಾನು ತಪ್ಪುತ್ತಿದ್ದೆ. "ಚೆಂಡು ನಿನ್ನ ಕೂಡ ಮಾತ ಬಿಟ್ಟೈತೇನೋ ತಮ್ಮಾ?" ಎಂದು ಕೆಮ್ಮುತ್ತ ನಗುತ್ತಿದ್ದಳು.

ಬೀಗ ಹಾಕುವ ಮೊದಲು ಹೊಸ್ತಿಲಲ್ಲಿ ನಿಂತು "ಒಳಗ ಯಾರದೀರಿ?" ಎಂದು ಕೂಗಿ, ಉತ್ತರಕ್ಕೆ ಕಾದು, ಆಮೇಲೆ ಕೊಂಡಿ ಒತ್ತುವುದು ನಮ್ಮೂರ ರೂಢಿ. ಇನ್ನೊಂದು ರೂಢಿ, ಬೀಗ ಬಿದ್ದ ಬಾಗಿಲಿಗೆ ಪೆಟ್ಟು ಹಾಕಬಾರದು. ಒಂದು ಬಾಗಿಲು ಒಡೆದರೆ ಊರಿನ ಬೀಗಗಳೆಲ್ಲ ಸತ್ತುಹೋಗುತ್ತವೆ, ಮತ್ತೆಂದೂ ತೆರೆಯುವುದಿಲ್ಲ ಎಂದು ಮುದುಕರು ಹೇಳುತ್ತಾರೆ. ಇದನ್ನು ಮಾತ್ರ ಯಾರೂ ಮಾಡಿ ನೋಡಿರಲಿಲ್ಲ.

ಹೋದ ಸುಗ್ಗಿಯಲ್ಲಿ ಗೋದಾಮು ಛಾವಣಿ ಮುಟ್ಟುವವರೆಗೆ ತುಂಬಿತ್ತು. ಮರುದಿನ ನನ್ನ ಪಾಳಿ. ಅಂದಾನೆಪ್ಪ ಇಡೀ ಸುಗ್ಗಿಯ ಮಾಲನ್ನು ನನ್ನ ಮೇಲೆ ಭಾರ ಹಾಕಿ, ಅಂದರೆ ನಾನು ಹೊಡೆಯಲಾರೆ ಎಂಬುದರ ಮೇಲೆ ಭಾರ ಹಾಕಿ, ಕತ್ತಲಾಗುವ ಮೊದಲೇ ಬೀಗ ಒತ್ತಿ ಮದುವೆಯ ಊಟಕ್ಕೆ ಹೋದ. ಅಕ್ಕ ಆ ದಿನ ಮನೆಗೆ ಬರಲಿಲ್ಲ. ಚಿಗವ್ವನ ಮನೆಗೆ ಹೋಗುತ್ತೇನೆಂದು ಬೆಳಿಗ್ಗೆ ಅಂದಿದ್ದಳು, ಅಲ್ಲೇ ಉಳಿದಿರಬೇಕೆಂದು ಅವ್ವ ಅಂದುಕೊಂಡಳು. ನಾನೂ ಅಂದುಕೊಂಡೆ.

ಬೆಳಿಗ್ಗೆ ಮೈದಾನಕ್ಕೆ ಹೋದಾಗ ಎಂದಿನಂತೆ ಇಬ್ಬರೇ ಇದ್ದರು. ಕುಂಚ ಹಿಡಿದ ಮೌಲಾಸಾಬ, ಮತ್ತು ಚೆಂಡು ಹಿಡಿದ ಯಮನೂರ. ಯಮನೂರ ಹಿಟ್ಟಿನ ಗಿರಣಿಯವನು, ನನ್ನ ಓರಗೆಯವನು. ಗೋಡೆಯ ಮೇಲೆ ಅವನ ಹೆಸರು ನೋಡಬೇಕೆಂದರೆ ಕತ್ತು ಎತ್ತಬೇಕು.

"ಬಾರಪಾ, ಊರ ಕೀಲಿ," ಎಂದ ಆಕಳಿಸುತ್ತ. "ಲಗೂನ ಮೂರ ಸಲ ಗಾಳಿ ಬೀಸಿಬಿಡು. ಗಿರಣಿಯಂತೂ ತೆರಿಯೂದಿಲ್ಲ, ಹೋಗಿ ಇನ್ನೊಂದ ನಿದ್ದಿ ತಗೀತೇನಿ."

"ಗಾಳಿ ಬೀಸೂದು ನಿನ್ನ ತಲಿಗಿ ಬಿದ್ದೀತು, ಹುಷಾರ್," ಎಂದೆ.

ಅಷ್ಟರಲ್ಲಿ ಅವ್ವ ಬರಿಗಾಲಲ್ಲಿ ಓಡಿ ಬಂದಳು. ನನ್ನ ಅಂಗಿ ಹಿಡಿದು ಜಗ್ಗಿದಳು. "ನೀಲಿ ಗೋದಾಮಿನ್ಯಾಗ ಅದಾಳೋ, ಒಳಗಿಂದ ಕೆಮ್ಮು ಕೇಳಾಕತ್ತೈತಿ. ಚಿಗವ್ವನ ಮನಿಗಿ ಹೋಗೇ ಇಲ್ಲಂತ. ಚೀಲದ ಹಿಂದ ಮಲಗಿದ್ದಳೋ ಏನೋ, ಸಾವ್ಕಾರ ಕೂಗಲಾರದ ಕೀಲಿ ಹಾಕ್ಯಾನ."

ನಾನು ಓಡಿದೆ. ಗೋದಾಮಿನ ಮುಂದೆ ಆಗಲೇ ಜನ ಸೇರಿದ್ದರು. ಹತ್ತಿರ ಹೋದರೆ ಹೊರಗೆ ನಿಂತವರಿಗೇ ಕಣ್ಣಲ್ಲಿ ನೀರು ಬರುವಂಥ ಘಾಟು. ಬಾಗಿಲ ಸಂದಿಗೆ ಬಾಯಿ ಇಟ್ಟು ಅಕ್ಕಾ ಎಂದು ಕೂಗಿದೆ. ಒಳಗಿನಿಂದ ಕೆಮ್ಮು ಬಂತು. ಕೆಮ್ಮೂ ಅಲ್ಲ, ಕಮ್ಮಾರನ ತಿದಿಯ ಚರ್ಮ ಹರಿದರೆ ಬರುವಂಥ ಸದ್ದು. ಆಮೇಲೆ ಬಹಳ ಹೊತ್ತು ಬಿಟ್ಟು, "ತಮ್ಮಾ... ಇವತ್ತ ನಿಂದ ಪಾಳಿ ಹೌದಿಲ್ಲೋ?" ಎಂದಳು. ಯಾರ ಪಾಳಿಯೆಂದು ಅವಳಿಗೆ ಗೊತ್ತಿತ್ತು. ಒಳಗೆ ಕೂತು ಅದನ್ನೇ ನೆನೆಯುತ್ತ ರಾತ್ರಿ ಕಳೆದಿದ್ದಾಳೆ ಎಂದು ನನಗೆ ತಿಳಿಯಿತು.

ಅಂದಾನೆಪ್ಪ ಅಲ್ಲೇ ನಿಂತಿದ್ದ. ಮದುವೆಯ ಪಟಗ ಇನ್ನೂ ತಲೆಯ ಮೇಲಿತ್ತು. "ನಿನ್ನಿ ಸಂಜೀಕ ಗದ್ದಲಿತ್ತಪಾ, ಕೂಗೂದ ಮರೆತೆ. ಮುಚ್ಚಿದ ದಿನ ಅಂತ ಅವಸರಾತು," ಎಂದ. ಆಮೇಲೆ ನನ್ನ ಕೈಯಲ್ಲಿದ್ದ ದಾಂಡು ನೋಡಿ, ಜೀವಮಾನದಲ್ಲಿ ಮೊದಲ ಸಲ ನನಗೆ ಬಹುವಚನ ಹಚ್ಚಿದ. "ಹೋಗ್ರಿ ದುರ್ಗಪ್ಪಾ, ಹೊಡೀರಿ. ಇಲ್ಲಿ ನಿಂತ ಏನ ನೋಡ್ತೀರಿ?"

ಇಡೀ ಊರು ನನ್ನ ಹಿಂದೆ ಮೈದಾನಕ್ಕೆ ಬಂತು. ನನ್ನ ದಿನ ಮೈದಾನದಲ್ಲಿ ಅಷ್ಟು ಜನ ಎಂದೂ ಇರಲಿಲ್ಲ. ಯಾರೂ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿರುತ್ತಿತ್ತು. ಅವರೆಲ್ಲ ಉಸಿರು ಹಿಡಿದು ನಿಂತಿದ್ದರು, ನನಗೆ ಆ ಹಿಡಿದ ಉಸಿರೆಲ್ಲ ಅಕ್ಕನ ಎದೆಯಿಂದ ಕಿತ್ತುಕೊಂಡಂತೆ ಕಾಣುತ್ತಿತ್ತು. ಯಮನೂರನ ಮುಖದಲ್ಲಿ ನಿದ್ದೆ ಇರಲಿಲ್ಲ. ಅವನು ಮಗುವಿಗೆ ಎಸೆಯುವ ಹಾಗೆ ಕೆಳಗೈಯಿಂದ ಮೆತ್ತಗೆ ಎಸೆದ. ಅಷ್ಟು ನಿಧಾನದ ಚೆಂಡನ್ನು ನಾನು ನೋಡಿಯೇ ಇರಲಿಲ್ಲ. ಅದರ ಹೊಲಿಗೆ ಕಾಣುತ್ತಿತ್ತು. ನಾನು ಬೀಸಿದೆ. ಬೀಸಿ ಮುಗಿದ ಮೇಲೆ ಚೆಂಡು ಬಂದು ನನ್ನ ಪಕ್ಕದಲ್ಲಿ ಬಿತ್ತು.

ಎರಡನೆಯದೂ ಹಾಗೇ. ನನ್ನ ಹಿಂದೆ ಯಾರೋ ಹೆಂಗಸು "ಯವ್ವಾ" ಎಂದಳು.

ಯಮನೂರ ಚೆಂಡು ಹಿಡಿದುಕೊಂಡು ನನ್ನ ಹತ್ತಿರ ನಡೆದು ಬಂದ. ಮೆಲ್ಲಗೆ, ಬೇರೆಯವರಿಗೆ ಕೇಳದಂತೆ, "ಲೇ, ನಿನ್ನ ಕೈಯಾಗ ಏನೂ ದೋಷಿಲ್ಲಲೇ. ಸಿಟ್ಟ ಮೊದಲ ಬರ್ತೈತಿ, ಚೆಂಡ ಆಮ್ಯಾಲೆ ಬರ್ತೈತಿ. ನೀ ಸಿಟ್ಟಿಗಿ ಹೊಡ್ಯಾಕತ್ತೀದಿ. ಕಾಯಿ. ಚೆಂಡ ಬರೂತನಕಾ ಕಾಯಿ," ಎಂದ.

"ಇಷ್ಟ ದಿನಾ ಯಾಕ ಹೇಳಲಿಲ್ಲೋ ಇದನ್ನ?"

ಅವನು ನೆಲ ನೋಡಿದ. "ನಿನ್ನ ದಿನ ನನಗೂ ಸೂಟಿ ಇರತಿತ್ತು," ಎಂದ.

ಆ ಕ್ಷಣ ಅವನನ್ನು ಅಲ್ಲೇ ಬಡಿದು ಹಾಕಬೇಕೆನ್ನಿಸಿತು. ಆದರೆ ಇನ್ನೊಂದು ಚೆಂಡು ಉಳಿದಿತ್ತು. ಕಾಯಬೇಕು ಎಂದುಕೊಂಡೆ. ಕೈ ಸಡಿಲ ಬಿಟ್ಟೆ. ಯಮನೂರ ಎಸೆದ. ಚೆಂಡು ಬಂತು, ಬರುತ್ತಿತ್ತು, ನಾನು ಕಾದೆ. ಎಂದೂ ಕಾದು ಗೊತ್ತಿಲ್ಲದವನಿಗೆ ಎಲ್ಲಿಯವರೆಗೆ ಕಾಯಬೇಕೆಂಬುದು ಹೇಗೆ ಗೊತ್ತಾಗಬೇಕು? ನಾನು ಕಾಯುತ್ತಿರುವಾಗಲೇ ಚೆಂಡು ಎದೆಯ ಮುಂದಿನಿಂದ ಹಾದುಹೋಯಿತು. ಆಮೇಲೆ ಬೀಸಿದೆ. ಯಾವ ಬೀಗದ ಸದ್ದೂ ಕೇಳಲಿಲ್ಲ.

ಜನ ಹಿಡಿದಿದ್ದ ಉಸಿರು ಬಿಟ್ಟರು. ಎಷ್ಟು ಬೇಗ ಬಿಟ್ಟರೆಂದರೆ ನನಗೆ ಅಸಹ್ಯವಾಯಿತು. ಒಬ್ಬ ಆಗಲೇ, "ನಾಳಿ ಸಾವ್ಕಾರನ ಪಾಳಿ. ಅವರು ತಪ್ಪಾವರಲ್ಲ. ಒಂದ ದಿನದ್ದ ಮಾತು," ಎಂದ. ಇನ್ನೊಬ್ಬ, ಸಂದಿಯಿಂದ ಒದ್ದೆ ಬಟ್ಟೆ ತೂರಿಸೋಣ ಎಂದ. ಅಂದಾನೆಪ್ಪ ಕೈಮುಗಿದು ಮೇಲೆ ನೋಡಿದ. ಮೌಲಾಸಾಬ ಮಾತ್ರ ಕುಂಚವನ್ನು ಬಣ್ಣದಲ್ಲಿ ಅದ್ದಿರಲಿಲ್ಲ. ಗೋಡೆಗೆ ಬೆನ್ನು ಮಾಡಿ ನಿಂತಿದ್ದ.

ಒಂದು ದಿನ. ಅಕ್ಕನಿಗೆ ಒಂದು ದಿನ ಇರಲಿಲ್ಲ. ಆ ಹರಿದ ತಿದಿಯ ಸದ್ದು ಕೇಳಿದ ನನಗೆ ಅದು ಗೊತ್ತಿತ್ತು. ನಾನು ದಾಂಡು ಹೆಗಲ ಮೇಲೆ ಹಾಕಿಕೊಂಡು ಗೋದಾಮಿನ ಕಡೆ ನಡೆದೆ. ಮೊದಲು ಯಾರಿಗೂ ತಿಳಿಯಲಿಲ್ಲ. ತಿಳಿದ ಮೇಲೆ ಓಡಿ ಬಂದರು. ಅಂದಾನೆಪ್ಪ ನನಗಿಂತ ಮುಂದೆ ಹೋಗಿ ಬಾಗಿಲಿಗೆ ಅಡ್ಡ ನಿಂತ.

"ಬ್ಯಾಡ ದುರ್ಗ್ಯಾ." ಬಹುವಚನ ಹೋಗಿತ್ತು. "ಊರ ಕೀಲಿ ಎಲ್ಲಾ ಸಾಯ್ತಾವ. ಎಲ್ಲಾರ ಮನಿ ಬೂದಿ ಮಾಡ್ತೀಯೇನು?"

"ಬಾಜೂಕ ಸರೀರಿ ಸಾವ್ಕಾರ್ರ."

"ಒಬ್ಬಾಕಿ ಸಲುವಾಗಿ—"

ಅವನು ಮಾತು ಮುಗಿಸಲಿಲ್ಲ. ಅವ್ವ ಅವನ ಮುಂದೆ ಬಂದು ನಿಂತಳು. ಕೈ ಎತ್ತಲಿಲ್ಲ, ಅಳಲಿಲ್ಲ. "ನೀ ಕೂಗಿದ್ದರ ನನ್ನ ಮಗಳು ಓ ಅಂತಿದ್ದಳು," ಎಂದಳು. ಅಷ್ಟೇ. ಅಂದಾನೆಪ್ಪನ ಮುಖ ಬಿಳಿಚಿತು, ಆದರೂ ಕದಲಲಿಲ್ಲ. ಗುಂಪಿನಿಂದ ಒಬ್ಬ, "ನಾಳಿ ಕೀಲಿ ತೆರಿಲಿಲ್ಲ ಅಂದ್ರ ನಿಮ್ಮ ಮನಿ ಈ ಊರಾಗ ಇರೂದಿಲ್ಲ, ನೆನಪಿಟ್ಗೋ," ಎಂದು ಕೂಗಿದ. ಹೌದು ಹೌದು ಎಂದು ಹಲವರು ದನಿಗೂಡಿಸಿದರು. ಆಗ ಯಮನೂರ ಬಂದು ಸಾವ್ಕಾರನ ಸೊಂಟ ಹಿಡಿದು, ಹಿಟ್ಟಿನ ಚೀಲ ಎತ್ತುವ ಹಾಗೆ ಎತ್ತಿ ಪಕ್ಕಕ್ಕೆ ಇಟ್ಟ.

ಬಾಗಿಲು ಎದುರಿಗಿತ್ತು. ದಪ್ಪ ಸಾಗವಾನಿ, ಕೆಳಗಿನ ಹಲಗೆಯಲ್ಲಿ ಒಂದು ಗಂಟು. ಅದು ನನ್ನ ಕಡೆ ಹಾರಿ ಬರುತ್ತಿರಲಿಲ್ಲ. ನಾನು ಬೇಗ ಬೀಸಿದರೂ ತಡವಾಗಿ ಬೀಸಿದರೂ ಅದು ಅಲ್ಲೇ ಇರುತ್ತಿತ್ತು. ಡಿಪೋದಲ್ಲಿ ಮಾಡುವ ಹಾಗೆ ಗಂಟಿನ ಪಕ್ಕಕ್ಕೆ ಕಣ್ಣಿಟ್ಟು ಹೊಡೆದೆ. ಮಾಸ್ತರರಿಗೆ ಹೊಡೆದೆ, ಕಟ್ಟೆಯ ಮೇಲಿನ ಹೆಂಗಸರಿಗೆ, ನನ್ನ ಪಾಳಿ ನಂಬಿ ಆರಾಮಾಗಿ ಮಲಗಿದವರಿಗೆಲ್ಲ ಹೊಡೆದೆ. ದಾಂಡು ನಡುವೆ ಸೀಳಿತು, ಉಳಿದ ತುಂಡಿನಿಂದ ಹೊಡೆದೆ. ಹಲಗೆ ಗಂಟಿನಿಂದ ಹಿಡಿದು ಉದ್ದಕ್ಕೆ ಬಿರಿಯಿತು. ಕೆಂಪು ಧೂಳು ಹೊಗೆಯಂತೆ ಹೊರಗೆ ನುಗ್ಗಿ, ಮುಂದೆ ನಿಂತವರೆಲ್ಲ ಕೆಮ್ಮುತ್ತ ಹಿಂದೆ ಓಡಿದರು. ನಾನು ತೂತಿನಲ್ಲಿ ನುಸುಳಿ ಕೈಗೆ ಸಿಕ್ಕ ಸೀರೆ ಹಿಡಿದು ಎಳೆದೆ.

ಬೇವಿನ ಗಿಡದ ಕೆಳಗೆ ಮಲಗಿಸಿದೆವು. ತುಟಿ ಕಪ್ಪಾಗಿತ್ತು, ಕಣ್ಣು ಊದಿ ಮುಚ್ಚಿದ್ದವು. ಅವ್ವ ಮುಖಕ್ಕೆ ನೀರು ಹೊಯ್ದು ಹೊಯ್ದು ಕೊಡ ಖಾಲಿಯಾಯಿತು. ಉಸಿರು ಒಂದು ಎಳೆಯಾಗಿ, ಆಮೇಲೆ ಇನ್ನೊಂದು ಎಳೆಯಾಗಿ ಒಳಗೆ ಹೋಯಿತು. ಬಹಳ ಹೊತ್ತಿನ ಮೇಲೆ ಅಕ್ಕ ನನ್ನ ಕೈ ಹುಡುಕಿ ಹಿಡಿದಳು.

"ಹತ್ತಿತೇನೋ ಚೆಂಡು?"

"ಇಲ್ಲಕ್ಕಾ."

ಅವಳು ನಕ್ಕಳು. ನಗು ಕೆಮ್ಮಾಗಿ, ಕೆಮ್ಮು ಮತ್ತೆ ನಗುವಾಯಿತು. ಸುತ್ತ ನಿಂತವರು ಯಾರೂ ನಗಲಿಲ್ಲ. ಅವರು ನಮ್ಮನ್ನು ನೋಡುತ್ತಿರಲಿಲ್ಲ. ಗೋದಾಮಿನ ಬಾಗಿಲು ನೋಡುತ್ತಿದ್ದರು. ಕೆಳಗೆ ಆಳು ನುಸುಳುವಷ್ಟು ತೂತು ಬಿದ್ದಿತ್ತು, ಮೇಲೆ ಬೀಗ ಮಾತ್ರ ಬಾಯಿ ಕಚ್ಚಿಕೊಂಡು ಹಾಗೇ ನೇತಾಡುತ್ತಿತ್ತು.

ಮರುದಿನ ಬೆಳಿಗ್ಗೆ ಚೆಂಡು ಎಸೆಯುವವನು ನಾನು. ಹಿಂದಿನ ದಿನದ ಪಾಳಿ ನನ್ನದಲ್ಲವೇ? ಮೈದಾನದಲ್ಲಿ ಕಾಲಿಡಲು ಜಾಗವಿರಲಿಲ್ಲ. ಕೆಲವರು ಬಂಡಿಯ ಗೂಟ ಹಿಡಿದು ಬಂದಿದ್ದರು, ಅದು ಯಾರಿಗೆಂದು ನನಗೆ ಗೊತ್ತಿತ್ತು. ಅವ್ವ ಪಾತ್ರೆಗಳನ್ನು ಗಂಟು ಕಟ್ಟಿಟ್ಟು ಬಂದಿದ್ದಳು. ಅಂದಾನೆಪ್ಪ ದಾಂಡು ಹಿಡಿದು ಎದುರಿಗೆ ನಿಂತ. ಗೋಡೆಯ ಮೇಲೆ ಅವನ ಹೆಸರು ಎಲ್ಲರಿಗಿಂತ ಮೇಲಿದೆ. ಅವನು ತಪ್ಪಿದ್ದನ್ನು ನೋಡಿದವರೇ ಕಡಿಮೆ.

ಮೊದಲನೆಯದನ್ನು ಎಸೆದೆ. ಅವನು ಬೀಸಿದ, ತಪ್ಪಿತು. ಜನರ ನಡುವೆ ಗುಜುಗುಜು ಎದ್ದಿತು. ಎರಡನೆಯದೂ ತಪ್ಪಿತು, ಚೆಂಡು ಬರುವ ಮೊದಲೇ ಅವನ ದಾಂಡು ಹೆಗಲು ದಾಟಿ ಹೋಗಿತ್ತು. ಗೂಟ ಹಿಡಿದವರು ಒಂದು ಹೆಜ್ಜೆ ಮುಂದೆ ಬಂದರು. ಸಾವ್ಕಾರನ ಕೈಗಳನ್ನು ನೋಡಿದೆ. ಬೆರಳ ಗಿಣ್ಣುಗಳು ಬೆಳ್ಳಗಾಗಿದ್ದವು. ಆ ಕೈ ನನಗೆ ಚೆನ್ನಾಗಿ ಗೊತ್ತು. ಅದು ನನ್ನದೇ ಕೈ.

ಅವನ ಮೇಲೆ ನನಗಿದ್ದ ಸಿಟ್ಟು ಹಾಗೇ ಇತ್ತು. ಈಗಲೂ ಇದೆ. ಮೂರನೆಯ ಚೆಂಡನ್ನು ತಲೆಗೆ ಎಸೆಯಬೇಕೆಂದೂ ಅನ್ನಿಸಿತು. ಆದರೆ ನಾನು ಅವನ ಹತ್ತಿರ ನಡೆದು ಹೋದೆ.

"ಸಾವ್ಕಾರ್ರ, ಅಷ್ಟ ಬಿಗಿ ಹಿಡೀಬ್ಯಾಡ್ರಿ. ನೀವು ಅಂಜಿಕಿಗಿ ಹೊಡ್ಯಾಕತ್ತೀರಿ. ಚೆಂಡ ಬರೂತನಕಾ ಕಾಯ್ರಿ."

ಅವನು ನನ್ನನ್ನು ದುರುಗುಟ್ಟಿ ನೋಡಿದ. "ನೀ ನನಗ ಹೊಡ್ಯೂದು ಕಲಸ್ತೀಯೇನು?"

"ತಪ್ಪೂದರ ಬಗ್ಗೆ ನನ್ನಷ್ಟ ಯಾರಿಗೂ ಗೊತ್ತಿಲ್ರೀ," ಎಂದೆ. ಹಿಂದೆ ಮೌಲಾಸಾಬ ಫಕ್ಕನೆ ನಕ್ಕ. ಅವನ ನಗು ಕೇಳಿ ಇನ್ನಿಬ್ಬರು ನಕ್ಕರು. ಅಂದಾನೆಪ್ಪನ ಹೆಗಲು ಸ್ವಲ್ಪ ಇಳಿಯಿತು. ನಾನು ವಾಪಸ್ಸು ಬಂದು, ಅಕ್ಕ ನನಗೆ ಎಸೆಯುತ್ತಿದ್ದ ಹಾಗೆ ನೇರವಾಗಿ, ನಿಧಾನವಾಗಿ ಎಸೆದೆ.

ಟಕ್.

ಊರ ತುಂಬ ಬೀಗಗಳು ತೆರೆದುಕೊಂಡ ಸದ್ದು ತಗಡಿನ ಮೇಲೆ ಆಣೆಕಲ್ಲು ಸುರಿದಂತೆ ಬಂತು. ಜನ ಕೂಗಿದರು, ಕುಣಿದರು, ಗೂಟಗಳನ್ನು ಎಲ್ಲಿ ಇಡಬೇಕೆಂದು ತಿಳಿಯದೆ ಹಿಡಿದೇ ನಿಂತರು. ಒಬ್ಬರೂ ನನ್ನ ಮುಖ ನೋಡಲಿಲ್ಲ. ಬೇವಿನ ಗಿಡದ ಕೆಳಗೆ ಗಾಳಿಗೆ ಕೂತಿದ್ದ ಅಕ್ಕ ಆಮೇಲೆ ಹೇಳಿದಳು: ಗೋದಾಮಿನ ಆ ಬೀಗವೂ ಎಲ್ಲದರ ಜೊತೆಗೇ ಬಾಯಿ ಬಿಟ್ಟು ಕೆಳಗೆ ಬಿತ್ತಂತೆ. ಅಷ್ಟು ದೊಡ್ಡ ತೂತಿನ ಮುಂದೆ, ಭಾರೀ ಉಪಕಾರ ಮಾಡಿದ ಹಾಗೆ.

ಹುಣಸೆಯ ಬುಡದಿಂದ ಹೊಸ ದಾಂಡು ಕೆತ್ತಿಕೊಂಡಿದ್ದೇನೆ. ಇನ್ನೂ ಹೊಡೆದಿಲ್ಲ. ಗೋಡೆಯ ಕೊನೆಯ ಸಾಲು ಇನ್ನೂ ನನ್ನದೇ, ಸೊನ್ನೆಯೂ ನನ್ನದೇ. ಮುಚ್ಚಿದ ದಿನ ಇನ್ನೂ ಮುಚ್ಚಿದ ದಿನವೇ. ಆದರೆ ಅದರ ಹಿಂದಿನ ಸಂಜೆ ಈಗ ಯಾರಿಗೂ ಅವಸರವಿಲ್ಲ. ಪ್ರತಿ ಹೊಸ್ತಿಲಲ್ಲೂ ಒಬ್ಬರು ನಿಂತು ಒಳಗ ಯಾರದೀರಿ ಎಂದು ಕೂಗಿ, ಕಿವಿಗೊಟ್ಟು ಕಾಯುತ್ತಾರೆ. ಅಂದಾನೆಪ್ಪ ಎಲ್ಲರಿಗಿಂತ ಹೆಚ್ಚು ಹೊತ್ತು ಕಾಯುತ್ತಾನೆ. ಹೊಸ ಹಲಗೆ ಬಡಿದ ಬಾಗಿಲಿನ ಮುಂದೆ, ಕೊಂಡಿಯ ಮೇಲೆ ಬೆರಳಿಟ್ಟುಕೊಂಡು, ಒತ್ತಲು ಧೈರ್ಯ ಸಾಲದೆ ಮತ್ತೆ ಕೂಗುತ್ತಾನೆ. ಹಿಂದೆ ಬೇವಿನ ಗಿಡದ ಕೆಳಗೆ ಕೂತ ಅಕ್ಕ ಬೇಕೆಂದೇ ತಡ ಮಾಡಿ, ಅವನ ಕತ್ತಿನ ಮೇಲೆ ಬೆವರು ಮೂಡಿದ ಮೇಲೆ, "ನಾ ಹೊರಗದೇನ್ರೀ ಸಾವ್ಕಾರ್ರ, ಹಾಕ್ರಿ," ಎನ್ನುತ್ತಾಳೆ.